ತೂತಿಗೂ ದುಡ್ಡು

ಹಾಸನದ ಕಡೆ ಒಂದು ಮನೆ ಯಾವ ದುಡ್ಡಿನಲ್ಲಿ ಎದ್ದದ್ದೆಂದು ಯಾರನ್ನೂ ಕೇಳಬೇಕಾಗಿಲ್ಲ, ನೆಲ ನೋಡಿದರೆ ಸಾಕು. ರೆಡ್ ಆಕ್ಸೈಡ್ ಆದರೆ ಅಜ್ಜನ ಕಾಲದ ಭತ್ತ, ರಾಗಿ. ಮೊಸಾಯಿಕ್ ಆದರೆ ಅಪ್ಪನ ಸರ್ಕಾರಿ ನೌಕರಿ, ಜೊತೆಗೆ ಆಲೂಗಡ್ಡೆ ಕೈಹಿಡಿದ ಒಂದೆರಡು ವರ್ಷ. ಮುಖ ಕಾಣುವ ಗ್ರಾನೈಟ್ ಆದರೆ ಶುಂಠಿ, ಅನುಮಾನವೇ ಬೇಡ. ಈ ಪಟ್ಟಿಗೆ ಈಚೆಗೆ ಇನ್ನೊಂದು ಸೇರಿದೆ. ಮಕ್ಕಳು ಬೆಂಗಳೂರಿನಲ್ಲೋ ಅದರಾಚೆಗೋ ಕಂಪ್ಯೂಟರ್ ಮುಂದೆ ಕೂತು ದುಡಿದು ಹುಟ್ಟೂರಿನಲ್ಲಿ ಕಟ್ಟಿಸುವ ಮನೆಗಳಿಗೆ ಟ್ರಾವರ್ಟೈನ್ ಎಂಬ ಕಲ್ಲು ಬರುತ್ತಿದೆ. ತಿಳಿಯಾದ ಕೆನೆಬಣ್ಣ, ಒಂದರ ಮೇಲೊಂದು ಮಲಗಿದ ಪಟ್ಟೆಗಳು, ಮೈತುಂಬ ಸಣ್ಣ ದೊಡ್ಡ ತೂತುಗಳು.

ತೂತನ್ನು ಕೊನೆಗೆ ಹೇಳಿದ್ದು ಬೇಕೆಂದೇ. ನಮ್ಮ ಕಡೆಯ ಕಲ್ಲುಕುಟಿಗರು ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಗಣಗಣ ಎಂದರೆ ಮಾತ್ರ ಉಳಿ ಎತ್ತುವವರು. ಬಿರುಕೋ ತೂತೋ ಇದ್ದರೆ ಅದು ಗದ್ದೆಯ ಬದುವಿಗೋ ಬೇಲಿಯ ಬುಡಕ್ಕೋ ಹೋಗುತ್ತಿತ್ತು. ಅಂಥ ಊರಿನಲ್ಲಿ ತೂತಿರುವ ಕಲ್ಲನ್ನು ಹಡಗಿನಲ್ಲಿ ತರಿಸಿ, ಅಡಿಯ ಲೆಕ್ಕದಲ್ಲಿ ದುಡ್ಡು ಕೊಟ್ಟು, ಗೋಡೆಗೆ ಅಂಟಿಸುವುದೆಂದರೆ ಸಣ್ಣ ಬದಲಾವಣೆಯಲ್ಲ.

ನನ್ನ ಅಕ್ಕನ ಮಗ ಹೊಳೆನರಸೀಪುರದ ರಸ್ತೆಯ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸುತ್ತಿದ್ದಾಗ ಸ್ಯಾಂಪಲ್ ಎಂದು ಅಂಗೈ ಅಗಲದ ಒಂದು ತುಂಡನ್ನು ಬೆಂಗಳೂರಿನಿಂದ ತಂದು ಊಟದ ಮೇಜಿನ ಮೇಲಿಟ್ಟ. ಅವನ ಅಜ್ಜಿ, ಎಂದರೆ ನನ್ನ ಅಕ್ಕನ ಅತ್ತೆ, ಅರಕಲಗೂಡು ತಾಲ್ಲೂಕಿನ ತೊಟ್ಟಿಮನೆಯಲ್ಲಿ ಬಾಳಿ ಬಂದವರು. ಕನ್ನಡಕ ಏರಿಸಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು.

“ಏನ್ಲಾ ಮಗ, ಕಲ್ಲಿಗೂ ಹುಳ ಹಿಡೀತದಾ?”

“ಅಜ್ಜಿ, ಅದು ನ್ಯಾಚುರಲ್ಲು. ರೋಮ್‌ನಲ್ಲಿ ದೊಡ್ಡ ದೊಡ್ಡ ಬಿಲ್ಡಿಂಗೆಲ್ಲ ಇದರಲ್ಲೇ ಕಟ್ಟಿರೋದು.”

“ಟೀವೀಲಿ ನೋಡಿವ್ನಿ. ಅರ್ಧ ಬಿದ್ದೋಗೈತೆ.”

ಹುಡುಗ ನನ್ನ ಕಡೆ ನೋಡಿ, “ಮಾವ, ನೀವಾದರೂ ಹೇಳಿ” ಎಂದ. ಹೇಳುವುದು ನನಗೆ ಇಷ್ಟ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಅಜ್ಜಿ ಟೀವಿಯಲ್ಲಿ ನೋಡಿದ್ದು ಕೊಲೋಸಿಯಮ್ಮನ್ನು. ಕ್ರಿ.ಶ. 80ರಲ್ಲಿ ಮುಗಿದ ಕಟ್ಟಡ ಅದು, ಅದರ ಹೊರಗಿನ ಭಾರವನ್ನೆಲ್ಲ ಹೊತ್ತದ್ದು ರೋಮಿನ ಪಕ್ಕದ ಟಿವೋಲಿಯಿಂದ ತಂದ ಟ್ರಾವರ್ಟೈನ್. ಅರ್ಧ ಹೋಗಿರುವುದು ನಿಜ, ಆದರೆ ಆ ತಪ್ಪು ಕಲ್ಲಿನದಲ್ಲ. ಭೂಕಂಪ ಬೀಳಿಸಿತು, ಬಿದ್ದದ್ದನ್ನು ಊರಿನವರು ತಂತಮ್ಮ ಅರಮನೆಗೂ ಚರ್ಚಿಗೂ ಹೊತ್ತುಕೊಂಡು ಹೋದರು. ಪಾಳು ಗುಡಿಯ ಕಲ್ಲನ್ನು ತಂದು ಬಾವಿಕಟ್ಟೆಗೆ ಹಾಕಿಕೊಂಡ ನಮ್ಮವರು ಅವರನ್ನು ಬೈಯುವ ಹಾಗಿಲ್ಲ. ಮುಂದೆ ಹದಿನೇಳನೆಯ ಶತಮಾನದಲ್ಲಿ ಬರ್ನಿನಿ ಸಂತ ಪೀಟರ್ ಚರ್ಚಿನ ಮುಂದೆ ನಿಲ್ಲಿಸಿದ 284 ಕಂಬಗಳೂ ಇದೇ ಕಲ್ಲಿನವು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1997ರಲ್ಲಿ ತೆರೆದ ಗೆಟ್ಟಿ ಸೆಂಟರ್ ಎಂಬ ಕಲಾಸಂಗ್ರಹಾಲಯಕ್ಕೆ ಹನ್ನೆರಡು ಲಕ್ಷ ಚದರಡಿಯಷ್ಟು ಟಿವೋಲಿಯ ಕಲ್ಲು ಹೋಯಿತು. ಅದರ ಗೋಡೆಗಳಲ್ಲಿ ಹುಡುಕಿದರೆ ಕಲ್ಲಾಗಿ ಹೋದ ಎಲೆ, ಕಡ್ಡಿಗಳು ಸಿಗುತ್ತವೆ. ಅಹಮದಾಬಾದಿನ ಐಐಎಂಗೆ ಇಟ್ಟಿಗೆ ಆರಿಸಿದ ಲೂಯಿ ಕಾನ್, ಕ್ಯಾಲಿಫೋರ್ನಿಯದ ಸಾಲ್ಕ್ ಸಂಸ್ಥೆಯ ಅಂಗಳಕ್ಕೆ ಹಾಸಿದ್ದು ಟ್ರಾವರ್ಟೈನ್. ಒಬ್ಬನೇ ಮನುಷ್ಯ, ಎರಡು ಊರು, ಎರಡು ಬೇರೆ ಉತ್ತರ. ಈ ಕೊನೆಯ ಮಾತನ್ನು ನಾನು ಸ್ವಲ್ಪ ಒತ್ತಿ ಹೇಳಿದೆ. ಹುಡುಗನಿಗೆ ಕೇಳಿಸಲಿಲ್ಲ.

ಕಲ್ಲಾಗಿ ಹೋದ ಎಲೆ ಎಂದೆನಲ್ಲ, ಅಲ್ಲೇ ಇದರ ಜಾತಕವಿದೆ. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರನ್ನು ಕಾಯಿಸಿದ ಹಂಡೆಯ ಒಳಮೈಗೆ ಬೆಳ್ಳನೆಯ ಹಕ್ಕಳೆ ಕಟ್ಟುತ್ತದೆ. ಗೀಸರ್ ರಿಪೇರಿಗೆ ಬಂದವನು ಸುತ್ತಿಗೆಯಲ್ಲಿ ಕುಟ್ಟಿ ತೆಗೆಯುತ್ತಾನೆ. ಟ್ರಾವರ್ಟೈನ್ ಹುಟ್ಟುವುದೂ ಇದೇ ರೀತಿ, ಹಂಡೆ ಮಾತ್ರ ದೊಡ್ಡದು. ನೆಲದಡಿಯ ನೀರು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸುಣ್ಣದ ಕಲ್ಲನ್ನು ಕರಗಿಸಿಕೊಂಡು ಬರುತ್ತದೆ. ಬುಗ್ಗೆಯಾಗಿ ಮೇಲೆದ್ದಾಗ ಅನಿಲ ಹಾರಿಹೋಗುತ್ತದೆ, ಸುಣ್ಣ ತಳಕ್ಕೆ ಕೂರುತ್ತದೆ. ಒಂದು ಪದರ, ಅದರ ಮೇಲೆ ಇನ್ನೊಂದು. ನಡುವೆ ಸಿಕ್ಕಿಬಿದ್ದ ಗಾಳಿಗುಳ್ಳೆ, ಪಾಚಿ, ಜೊಂಡು, ಉದುರಿದ ಎಲೆ ಕೊಳೆತುಹೋದ ಮೇಲೆ ಉಳಿದ ಖಾಲಿ ಜಾಗವೇ ತೂತು. ಟರ್ಕಿಯ ಪಾಮುಕ್ಕಲೆಯಲ್ಲಿ ಇದು ಇಂದಿಗೂ ನಡೆಯುತ್ತಿದೆ. ಬೆಟ್ಟದ ಇಡೀ ಮಗ್ಗುಲು ಬೆಳ್ಳಗೆ, ಮೆಟ್ಟಿಲು ಮೆಟ್ಟಿಲಾಗಿ ನೀರಿನ ಕೊಳಗಳು. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆ ಜಾಗದಲ್ಲಿ ಪ್ರವಾಸಿಗರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆಯಬೇಕು. ಈ ಚಪ್ಪಲಿಯ ಮಾತು ಮುಂದೆ ಬರುತ್ತದೆ. ಭಾರತಕ್ಕೆ ಟ್ರಾವರ್ಟೈನ್ ಬರುವುದು ಹೆಚ್ಚಾಗಿ ಟರ್ಕಿ, ಇರಾನ್, ಇಟಲಿಗಳಿಂದ.

ವಯಸ್ಸಿನಲ್ಲಿ ನೋಡಿದರೆ ಇದು ಹಸುಗೂಸು. ಟಿವೋಲಿಯ ನಿಕ್ಷೇಪ ಕೂಡಿಬಂದದ್ದು ಈಚಿನ ಒಂದೂಕಾಲು ಲಕ್ಷ ವರ್ಷದೊಳಗೆ. ನಮ್ಮ ಗೊರೂರನ್ನು ತೆಗೆದುಕೊಳ್ಳಿ. ಗೊರೂರು ಎಂದರೆ ನಮಗೆ ಸಾಹಿತಿ ರಾಮಸ್ವಾಮಿ ಅಯ್ಯಂಗಾರ್ಯರು, ಇಲ್ಲವೇ ಹೇಮಾವತಿಯ ಅಣೆಕಟ್ಟು. ಭೂವಿಜ್ಞಾನಿಗಳಿಗೆ ಅದು ಒಂದು ಬಂಡೆಯ ಹೆಸರು. ಗೊರೂರು ನೈಸ್ ಎಂಬ ಅಲ್ಲಿನ ಶಿಲೆಗೆ ಸುಮಾರು 330 ಕೋಟಿ ವರ್ಷ, ಕರ್ನಾಟಕದ ಅತಿ ಹಳೆಯ ಕಲ್ಲುಗಳ ಸಾಲಿನಲ್ಲಿ ಅದರದು ಮೊದಲ ಪಂಕ್ತಿ. ಹೊಳೆನರಸೀಪುರದ ಸುತ್ತಲಿನ ಶಿಲಾಪಟ್ಟಿಯೂ ಹಾಗೆಯೇ, ಆ ಊರಿನ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿದೆ. ಆ ಕಲ್ಲಿನ ಮೇಲೆ ನಾವು ರಾಗಿ ಒಕ್ಕಿದೆವು, ಬಟ್ಟೆ ಒಗೆದೆವು, ಚಪ್ಪಡಿ ಮಾಡಿ ಕೊಟ್ಟಿಗೆಗೆ ಸೂರು ಹಾಕಿದೆವು. ಗ್ರಾನೈಟ್ ಪೇಟೆಯಲ್ಲಿ ‘ಹಾಸನ್ ಗ್ರೀನ್’ ಎಂಬ ಹೆಸರಿನ ಕಡುಹಸಿರು ಕಲ್ಲೇ ಇದೆ. ಹಾಸನದ ಟೈಲ್ಸ್ ಅಂಗಡಿಯಲ್ಲಿ ಅದನ್ನು ಕೇಳಿ ನೋಡಿ, ಹುಡುಗ ಇಟಾಲಿಯನ್ ಕ್ಯಾಟಲಾಗ್ ತೆಗೆಯುತ್ತಾನೆ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಊರ ಕಲ್ಲಿನ ಪಕ್ಷ ಕಟ್ಟುವವನೆಂದು ಭಾವಿಸಬೇಡಿ. ಹಳೆಯದೆಲ್ಲ ಒಳ್ಳೆಯದಾಗಿದ್ದರೆ ನಮ್ಮೂರಿನ ಬಸ್ಸುಗಳಿಗೆ ಪೂಜೆ ಮಾಡಬೇಕಿತ್ತು. ಟ್ರಾವರ್ಟೈನ್ ಚೆಲುವಾದ ಕಲ್ಲು. ಬೆಳಕು ಬಿದ್ದರೆ ಗ್ರಾನೈಟಿನ ಹಾಗೆ ಅದನ್ನು ಕಣ್ಣಿಗೆ ಎಸೆಯುವುದಿಲ್ಲ, ಒಳಗೆ ಎಳೆದುಕೊಂಡು ಮೆತ್ತಗೆ ಬಿಡುತ್ತದೆ. ಪದರಕ್ಕೆ ಅಡ್ಡಲಾಗಿ ಕೊಯ್ದರೆ ಉದ್ದುದ್ದ ಗೆರೆಗಳು ಏಳುತ್ತವೆ, ಪದರದ ಜೊತೆಯಲ್ಲೇ ಕೊಯ್ದರೆ ಮೋಡ ಮೋಡವಾದ ಮಚ್ಚೆಗಳು. ಒಂದೇ ಬ್ಲಾಕು, ಗರಗಸ ತಿರುಗಿಸಿದರೆ ಎರಡು ಕಲ್ಲು. ಮಿರಮಿರ ಪಾಲಿಶ್ ಇದಕ್ಕೆ ಒಗ್ಗುವುದಿಲ್ಲ. ಹೊಳಪಿಲ್ಲದೆ ನುಣುಪಾಗಿ ಉಜ್ಜಿದ್ದೇ ಚೆಂದ.

ತೂತಿನ ಅರ್ಥಶಾಸ್ತ್ರವನ್ನೂ ತಿಳಿದುಕೊಳ್ಳಿ. ತೂತಿದೆ ಎಂದು ಮೊದಲು ದುಡ್ಡು ಕೊಡುತ್ತೀರಿ. ನೆಲಕ್ಕೆ ಹಾಸುವುದಾದರೆ ಕೊಳೆ ಕೂರುತ್ತದೆಂದು ಅದೇ ತೂತನ್ನು ರೆಸಿನ್ನಿನಿಂದಲೋ ಬಣ್ಣ ಹೊಂದಿಸಿದ ಸಿಮೆಂಟಿನಿಂದಲೋ ಮುಚ್ಚಿಸಲು ಮತ್ತೆ ಕೊಡುತ್ತೀರಿ. ಓಡಾಟದಲ್ಲಿ ಕೆಲವು ಬಿಟ್ಟುಕೊಂಡಾಗ ಮೂರನೆಯ ಸಲ. ಎಲ್ಲರ ಮನೆಯ ದೋಸೆಯೂ ತೂತೇ ಎಂದು ಸಮಾಧಾನ ಮಾಡಿಕೊಳ್ಳುವ ನಾಡು ನಮ್ಮದು, ದೋಸೆಯ ತೂತು ತುಂಬಿಸಲು ಯಾರೂ ಬಿಲ್ ಕೊಟ್ಟಿಲ್ಲ.

ಬಿ.ಎಂ. ರಸ್ತೆಯ ಅಂಗಡಿಗಳಲ್ಲಿ ಕಡಿಮೆ ಖರ್ಚಿನ ಟ್ರಾವರ್ಟೈನ್ ಕೂಡ ಸಿಗುತ್ತದೆ. ಡಬ್ಬದ ಮೇಲೆ ಇಟಲಿಯ ಧಾಟಿಯ ಹೆಸರು, ಒಳಗಿರುವುದು ಗುಜರಾತಿನ ಮೋರ್ಬಿ ಕಡೆಯ ವಿಟ್ರಿಫೈಡ್ ಟೈಲು, ಮೇಲೆ ಟ್ರಾವರ್ಟೈನಿನ ಚಿತ್ರದ ಅಚ್ಚು. ಪಟ್ಟೆಯೂ ಇದೆ, ತೂತಿನ ನೆರಳೂ ಇದೆ, ಬೆರಳಾಡಿಸಿದರೆ ತೂತು ಮಾತ್ರ ಇಲ್ಲ. ಪತ್ತೆ ಹಚ್ಚುವುದು ಸುಲಭ. ನಾಲ್ಕಾರು ಟೈಲು ಬಿಚ್ಚಿ ಸಾಲಾಗಿ ಜೋಡಿಸಿ, ಅದೇ ತೂತು, ಅದೇ ಗೆರೆಯ ತಿರುವು ಮತ್ತೆ ಬರುತ್ತದೆ. ಬುಗ್ಗೆಯ ನೀರು ಒಂದೇ ಎಲೆಯನ್ನು ಎರಡು ಸಲ ಮುಚ್ಚುವುದಿಲ್ಲ. ಹಾಗೆಂದು ಅದನ್ನು ಹೀಗಳೆಯಲಾರೆ. ಅಡುಗೆಮನೆಗೆ ಅಚ್ಚಿನ ಟೈಲೇ ಮೇಲು. ಕಲ್ಲಿನ ಬೆಲೆಗೆ ಚಿತ್ರ ಕೊಂಡು, ಗೃಹಪ್ರವೇಶಕ್ಕೆ ಬಂದವರಿಗೆಲ್ಲ “ನ್ಯಾಚುರಲ್ ಸ್ಟೋನು” ಎಂದು ಹೇಳದಿದ್ದರೆ ಸರಿ.

ಅಡುಗೆಮನೆಗೆ ಯಾಕೆ ಟೈಲು ಮೇಲು? ಹುಳಿ. ಕನ್ನಡದ ಮನೆಯಲ್ಲಿ ಹುಳಿಯಿಲ್ಲದ ಹೊತ್ತಿಲ್ಲ. ನೆನೆಸಿಟ್ಟ ಹುಣಸೆಹಣ್ಣು, ಹಿಂಡಿದ ನಿಂಬೆ, ಹೆಚ್ಚಿದ ಟೊಮ್ಯಾಟೊ, ಚೆಲ್ಲಿದ ಮಜ್ಜಿಗೆ. ಶುಕ್ರವಾರ ಬಂತೆಂದರೆ ಹಿತ್ತಾಳೆ ದೀಪ ಬೆಳಗಲು ಮತ್ತೆ ಹುಣಸೆ. ಟ್ರಾವರ್ಟೈನ್ ಎಂಬುದು ಸುಣ್ಣವೇ, ರಸಾಯನಶಾಸ್ತ್ರದವರ ಬಾಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಮೇಲೆ ಹುಳಿ ಬಿದ್ದರೆ ನೊರೆಗುಟ್ಟಿ ಮೇಲ್ಮೈ ಕರಗುತ್ತದೆ. ಅದು ಕಲೆಯಲ್ಲ, ಗಾಯ. ಒರೆಸಿದರೆ ಹೋಗದು, ಮತ್ತೆ ಉಜ್ಜಿಸಬೇಕು. ಸೀಲರ್ ಹಚ್ಚಿದ್ದೇವೆ, ಏನೂ ಆಗುವುದಿಲ್ಲ ಎನ್ನುತ್ತಾರೆ ಅಂಗಡಿಯವರು. ಸೀಲರ್ ಎಣ್ಣೆ, ಅರಿಶಿನಗಳು ಒಳಗಿಳಿಯುವುದನ್ನು ತಡಮಾಡೀತು. ಹುಳಿಯ ಕಡಿತವನ್ನು ಅದು ತಡೆಯಲಾರದು. ಇದು ನಮಗೆ ಹೊಸ ಪಾಠವೂ ಅಲ್ಲ. ಕಡಪಾ ಕಲ್ಲು, ಶಹಾಬಾದ್ ಕಲ್ಲು ಎರಡೂ ಸುಣ್ಣದ ವಂಶದವೇ. ಹಳೆಯ ಮನೆಯ ಕಡಪಾ ಕಟ್ಟೆಯ ಮೇಲೆ ನಿಂಬೆಹಣ್ಣು ಹೆಚ್ಚುತ್ತಿದ್ದ ಜಾಗ ಬೆಳ್ಳಗಾಗಿರುವುದನ್ನು ನೋಡದವರು ಯಾರು?

ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತು. ಮಲೆನಾಡಿನ ಸೆರಗಿನ ಮನೆಗಳಲ್ಲಿ ಉಪ್ಪಿನಕಾಯಿ, ಹುಳಿಗಳಿಗೆ ಬಳಪದ ಕಲ್ಲಿನ ಮರಿಗೆ ಇಡುತ್ತಿದ್ದರು. ಅದು ಹುಳಿಗೆ ಜಗ್ಗದ, ಒಲೆಯ ಬಿಸಿಗೂ ಒಡೆಯದ ಕಲ್ಲು. ಬೇಲೂರು, ಹಳೇಬೀಡುಗಳ ಕಲ್ಲೂ ಅದೇ ಬಳಗದ್ದು. 1117ರಲ್ಲಿ ವಿಷ್ಣುವರ್ಧನ ಬೇಲೂರಿನ ಗುಡಿ ಮಾಡಿಸಿದಾಗ ಶಿಲ್ಪಿಗಳು ಹಿಡಿದದ್ದು ಗಣಿಯಿಂದ ಬಂದ ಹೊಸದರಲ್ಲಿ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಬಿಗಿಯುವ ಈ ಕಲ್ಲನ್ನು. ಗಡಸುತನದ ಲೆಕ್ಕದಲ್ಲಿ ಅದು ಟ್ರಾವರ್ಟೈನಿಗಿಂತ ಮೆದು. ಮೋಸ್ ಅಳತೆಯಲ್ಲಿ ಬಳಪ 1, ಟ್ರಾವರ್ಟೈನಿನ ಕ್ಯಾಲ್ಸೈಟ್ 3, ಗ್ರಾನೈಟಿನ ಕ್ವಾರ್ಟ್ಜ್ 7. ಮೆದುವಾದ್ದರಿಂದಲೇ ಮದನಿಕೆಯ ಬಳೆ ಬಿಡಿಬಿಡಿಯಾಗಿ ಕಂಡೀತು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ, ಅದರ ಮೂರ್ತಿಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ಹೆಸರು ಕೆತ್ತಿಕೊಂಡಿದ್ದಾರೆ. ಹೆಸರು ಹಾಕುವಷ್ಟು ನಂಬಿಕೆ ಆ ಕಲ್ಲಿನ ಮೇಲೆ.

ಅದೇ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬನ್ನಿ. ಅಲ್ಲಿ ಕಲ್ಲು ಬದಲಾಗುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ಮಾಡಿಸಿದ ಗೊಮ್ಮಟ 58 ಅಡಿಯ ಏಕಶಿಲೆ, ಬೆಟ್ಟದ ನೆತ್ತಿಯ ಗ್ರಾನೈಟನ್ನೇ ಕಡೆದದ್ದು. ಹನ್ನೆರಡು ವರ್ಷಕ್ಕೊಮ್ಮೆ, ಈಚೆಗೆ 2018ರಲ್ಲಿ ಆದಂತೆ, ಮಹಾಮಸ್ತಕಾಭಿಷೇಕ. ಎಳನೀರು, ಕಬ್ಬಿನ ಹಾಲು, ಹಾಲು, ಅಕ್ಕಿಹಿಟ್ಟು, ಅರಿಶಿನ, ಕಷಾಯ, ಶ್ರೀಗಂಧ, ಎಲ್ಲವೂ ಕೊಡಗಟ್ಟಲೆ ತಲೆಯ ಮೇಲಿಂದ ಇಳಿಯುತ್ತವೆ. ಸಾವಿರ ವರ್ಷ ದಾಟಿದೆ, ಗೊಮ್ಮಟನ ತುಟಿಯ ಅಂಚು ಅಳಿಸಿಲ್ಲ. ಟ್ರಾವರ್ಟೈನಿನಲ್ಲಿ ಕಡೆದಿದ್ದರೆ ಅರಿಶಿನ ತೂತಿನೊಳಗೆ ಮನೆ ಮಾಡಿಕೊಂಡು, ಇಷ್ಟು ಹೊತ್ತಿಗೆ ಮೂಗು ಮೊಂಡಾಗಿರುತ್ತಿತ್ತು. ಇದನ್ನು ಹೇಳಿದಾಗ ಅಜ್ಜಿ ಮೊದಲ ಸಲ ನನ್ನ ಮಾತಿಗೆ ತಲೆದೂಗಿದರು.

ಹುಣಸೆಗಿಂತ ದೊಡ್ಡ ಶತ್ರು ಇನ್ನೊಂದಿದೆ. ಟೈಲ್ಸ್ ಕೆಲಸ ಮುಗಿದ ದಿನ ಕೆಲಸಗಾರರು ಸಿಮೆಂಟಿನ ಕಲೆ ಹೋಗಲೆಂದು ಆ್ಯಸಿಡ್ ಕ್ಯಾನ್ ತಂದು ಸುರಿದು ಪೊರಕೆಯಲ್ಲಿ ಉಜ್ಜುತ್ತಾರೆ. ಗ್ರಾನೈಟ್, ವಿಟ್ರಿಫೈಡ್ ಕಾಲದಲ್ಲಿ ಕಲಿತ ವಿದ್ಯೆ ಅದು, ಅವರನ್ನು ಬೈದು ಫಲವಿಲ್ಲ. ಟ್ರಾವರ್ಟೈನ್ ಹಾಸಿದ ಮನೆಯಲ್ಲಿ ಆ ಕ್ಯಾನ್ ಮುಚ್ಚಳ ತೆಗೆದರೆ ಹಡಗಿನ ಬಾಡಿಗೆಯೂ ಸೇರಿ ಎಲ್ಲ ನೊರೆಯಾಗಿ ಮೋರಿಗೆ ಹೋಗುತ್ತದೆ. ಬಚ್ಚಲುಮನೆಗೆ ಈ ಕಲ್ಲು ಬೇಡ ಎನ್ನುವುದಕ್ಕೂ ಕಾರಣ ಇದೇ. ಕಲ್ಲು ನೀರಿಗೆ ಹೆದರುವುದಿಲ್ಲ, ನೀರಿನಲ್ಲೇ ಹುಟ್ಟಿದ್ದು. ಆದರೆ ಬಚ್ಚಲು ತೊಳೆಯಲು ನಾವು ಕೊಳ್ಳುವ ಬಾಟಲಿಯೊಳಗೆ ಇರುವುದು ಆ್ಯಸಿಡ್.

ಮನೆಯ ಹೊರಗೆ? ಚಳಿದೇಶಗಳಲ್ಲಿ ತೂತಿನೊಳಗೆ ನೀರು ಹೆಪ್ಪುಗಟ್ಟಿ ಕಲ್ಲು ಸೀಳುವ ಭಯವಿದೆ. ಹಾಸನವನ್ನು ಬಡವರ ಊಟಿ ಎಂದು ಎಷ್ಟು ಕರೆದರೂ ಇಲ್ಲಿ ಮಂಜುಗಡ್ಡೆ ಕಟ್ಟುವುದಿಲ್ಲ, ಆ ಚಿಂತೆ ಬೇಡ. ನಮ್ಮ ಚಿಂತೆ ಪಾಚಿ. ಚನ್ನರಾಯಪಟ್ಟಣದ ಬಯಲಿನಲ್ಲಿ ಎಲಿವೇಷನ್ನಿಗೆ ಹಾಕಿದ ಟ್ರಾವರ್ಟೈನ್ ಬಹುಕಾಲ ತನ್ನ ಬಣ್ಣ ಉಳಿಸಿಕೊಂಡೀತು. ಅರಕಲಗೂಡಿನ ಪಶ್ಚಿಮಕ್ಕೆ ಹೋದಷ್ಟೂ, ಸಕಲೇಶಪುರ ಹತ್ತಿರವಾದಷ್ಟೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ತೂತಿನಲ್ಲೂ ಹಸಿರು ಚಿಗುರುತ್ತದೆ. ಸಜ್ಜೆ ಅಗಲವಾಗಿದ್ದು ಗೋಡೆಗೆ ಎರಚಲು ತಾಗದಿದ್ದರೆ ಸರಿ. ಈಗಿನ ಡಬ್ಬದಂಥ ಎಲಿವೇಷನ್ನುಗಳಲ್ಲಿ ಸಜ್ಜೆಯೇ ಇರುವುದಿಲ್ಲ, ಅದಕ್ಕೆ ಆರ್ಕಿಟೆಕ್ಟರೇ ಉತ್ತರ ಹೇಳಬೇಕು. ಎತ್ತರದ ಗೋಡೆಗೆ ಬರೀ ಅಂಟು ನಂಬಬೇಡಿ, ಸ್ಟೀಲ್ ಪಿನ್ನೋ ಕ್ಲ್ಯಾಂಪೋ ಹಾಕಿಸಿ. ಅಂಟೂ ಬಿಳಿಯದೇ ಆಗಬೇಕು, ಬೂದು ಸಿಮೆಂಟಿನ ಬಣ್ಣ ತಿಳಿಕಲ್ಲಿನ ಒಳಗಿಂದ ಮೇಲಕ್ಕೆ ಹಣಕುತ್ತದೆ.

ನೆಲಕ್ಕೆ ಹಾಸುವುದಾದರೆ ನಮ್ಮ ಪರವಾಗಿ ಒಂದು ಮಾತಿದೆ. ಮೆದುಗಲ್ಲನ್ನು ಗೀಚುವುದು ಬೂಟಿನ ಅಡಿಯ ಮರಳು. ಮರಳು ಎಂದರೆ ಕ್ವಾರ್ಟ್ಜ್, ಏಳು ಮೂರನ್ನು ಗೀಚುತ್ತದೆ. ಬೂಟು ಹಾಕಿಕೊಂಡೇ ಮಂಚದವರೆಗೆ ಹೋಗುವ ದೇಶಗಳಲ್ಲಿ ಟ್ರಾವರ್ಟೈನ್ ನೆಲ ಬೇಗ ಮಂಕಾಗುತ್ತದೆ. ಪಾಮುಕ್ಕಲೆಯಲ್ಲಿ ಕಾವಲುಗಾರನನ್ನಿಟ್ಟು ಮಾಡಿಸುವುದನ್ನು ನಾವು ಹೊಸಿಲ ಹೊರಗೆ ನಾವಾಗಿಯೇ ಮಾಡುತ್ತೇವೆ. ಬರಿಗಾಲು ಈ ಕಲ್ಲನ್ನು ಕಾಯುತ್ತದೆ. ಕಲ್ಲು ಕಾಲನ್ನು ಕಾಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಡಿಸೆಂಬರ್ ಬೆಳಗ್ಗೆ ಹಾಸನದಲ್ಲಿ ಯಾವ ಕಲ್ಲಿನ ನೆಲವೂ ಕೊರೆಯುತ್ತದೆ, ಮಂಡಿನೋವಿನವರಿಗೆ ಚಾಪೆಯೇ ಗತಿ.

ಅಂತೂ ನಮ್ಮ ಹುಡುಗ ಹಾಲಿನ ಒಂದು ಗೋಡೆಗೆ ಮಾತ್ರ ಟ್ರಾವರ್ಟೈನ್ ಹಾಕಿಸಿದ, ತೂತು ಮುಚ್ಚಿಸದೆ. ಪಶ್ಚಿಮದ ಕಿಟಕಿಯ ಬಿಸಿಲು ಓರೆಯಾಗಿ ಬಿದ್ದಾಗ ಆ ತೂತುಗಳಿಗೆಲ್ಲ ನೆರಳು ಹುಟ್ಟಿ ಗೋಡೆಗೆ ಜೀವ ಬರುತ್ತದೆ, ಇದನ್ನು ಒಪ್ಪಲೇಬೇಕು. ಮೆಟ್ಟಿಲು, ಸಿಟೌಟಿಗೆ ಊರ ಕಡೆಯ ಗ್ರಾನೈಟನ್ನು ಒರಟಾಗಿಯೇ ಬಿಟ್ಟು ಹಾಸಿದ, ಮಳೆಯಲ್ಲಿ ಜಾರದು. ಅಡುಗೆಮನೆ ಕಟ್ಟೆಗೆ ಕಪ್ಪು ಗ್ರಾನೈಟ್. ದೇವರ ಮನೆಗೂ ಟ್ರಾವರ್ಟೈನ್ ಎಂದು ಆರ್ಕಿಟೆಕ್ಟ್ ಬರೆದುಕೊಟ್ಟಿದ್ದರು. ದೀಪದ ಎಣ್ಣೆ, ಕುಂಕುಮ, ಪಂಚಾಮೃತ ಮೂರೂ ಸೇರುವ ಜಾಗ ಅದು, ಅಜ್ಜಿಯೇ ಅಡ್ಡ ಬಂದರು. ಕಾರಣ ಅವರು ಹೇಳಿದ್ದು ಬೇರೆ: “ದೇವರ ಹಿಂದೆ ತೂತು ಬ್ಯಾಡ ಕಣ್ಲಾ.” ಕಾರಣ ಯಾವುದಾದರೇನು, ತೀರ್ಮಾನ ಸರಿಯಿತ್ತು.

ನೀವೂ ಮನೆ ಕಟ್ಟಿಸುತ್ತಿದ್ದು ಈ ಕಲ್ಲಿನ ಮೇಲೆ ಕಣ್ಣಿಟ್ಟಿದ್ದರೆ, ಮುಂಗಡ ಕೊಡುವ ಮೊದಲು ಅಂಗಡಿಯವರಿಂದ ಒಂದು ತುಂಡು ಕೇಳಿ ಪಡೆಯಿರಿ. ಒಂದು ಮೂಲೆಗೆ ನಿಂಬೆರಸ, ಇನ್ನೊಂದಕ್ಕೆ ಹುಣಸೆ, ಮೂರನೆಯದಕ್ಕೆ ಅರಿಶಿನ ಕಲಸಿದ ಎಣ್ಣೆ ಹಾಕಿ ರಾತ್ರಿ ಬಿಟ್ಟು ಬೆಳಗ್ಗೆ ತೊಳೆದು ನೋಡಿ. ಆ ಮುಖ ನೋಡಿದ ಮೇಲೂ ಇಷ್ಟವೆನಿಸಿದರೆ ಧಾರಾಳವಾಗಿ ಗೋಡೆಗೆ ಹಾಕಿಸಿ. ಅಡುಗೆಮನೆ ಕಟ್ಟೆಗೆ ಮಾತ್ರ ಬೇಡ. ಕೆಲಸ ಮುಗಿಯುವ ದಿನ ನೀವೇ ಹೋಗಿ ನಿಂತು, ಆ್ಯಸಿಡ್ ಕ್ಯಾನ್ ಗೇಟಿನ ಒಳಗೆ ಬಾರದಂತೆ ನೋಡಿಕೊಳ್ಳಿ.